ಸೈಕಲ್ ಸವಾರನ ತೆರಿಗೆ ಬಾಕಿ ಎಷ್ಟು?

ನಾನು ದಿನವೂ ಬೆಳಿಗ್ಗೆ ನಡೆದಾಡುವ ಉದ್ಯಾನದಲ್ಲಿ ನಮ್ಮದೊಂದು ನಿವೃತ್ತರ ಕೂಟವಿದೆ. ಬ್ಯಾಂಕು, ವಿಮೆ, ಸರ್ಕಾರಿ ಕಚೇರಿಗಳಲ್ಲಿ ದುಡಿದು ಬಂದವರ ಈ ಕೂಟದಲ್ಲಿ ಚರ್ಚೆಗೆ ಬಾರದ ವಿಷಯವಿಲ್ಲ. ಮೊನ್ನೆ ಸೈಕಲ್ ಪಥಗಳ ಮಾತು ಬಂತು. ಬೆಂಗಳೂರಿನ ರಸ್ತೆಗಳಲ್ಲಿ ಕಾರು, ಬಸ್ಸುಗಳಿಗೇ ಜಾಗವಿಲ್ಲದಿರುವಾಗ ಸೈಕಲ್‌ಗಳಿಗೆ ಪ್ರತ್ಯೇಕ ಪಥವೇಕೆ ಎಂದು ಆರಂಭವಾದ ವಾದ ಕೊನೆಗೆ ಒಂದು ಪ್ರಶ್ನೆಯಲ್ಲಿ ಬಂದು ನಿಂತಿತು. ಬ್ಯಾಂಕಿನಿಂದ ನಿವೃತ್ತರಾದ ಸ್ನೇಹಿತರೊಬ್ಬರು ಕೇಳಿದರು: “ನೋಡಿ ಸ್ವಾಮಿ, ನನ್ನ ಮಗ ಕಾರು ಕೊಂಡಾಗ ಲಕ್ಷಕ್ಕೂ ಮೀರಿ ರಸ್ತೆ ತೆರಿಗೆ ಕಟ್ಟಿದ್ದಾನೆ. ಸೈಕಲ್ಲಿನವರು ಒಂದು ಪೈಸೆಯನ್ನೂ ಕಟ್ಟುವುದಿಲ್ಲ. ತೆರಿಗೆ ಕಟ್ಟದವರಿಗೆ ರಸ್ತೆಯಲ್ಲಿ ಪಾಲು ಕೊಡುವುದು ಯಾವ ನ್ಯಾಯ?”

ಅನೇಕರು ತಲೆದೂಗಿದರು. ಮೇಲ್ನೋಟಕ್ಕೆ ಇದು ನ್ಯಾಯವಾದ ಪ್ರಶ್ನೆಯೇ. ಆ ಕ್ಷಣದಲ್ಲಿ ನಾನು ಉತ್ತರಿಸಲಿಲ್ಲ. ಅದಕ್ಕೆ ಕಾರಣವಿತ್ತು. ಒಂದು ಕಾಲದಲ್ಲಿ ಆ ತೆರಿಗೆಯನ್ನು ವಸೂಲು ಮಾಡಿದವರಲ್ಲಿ ನಾನೂ ಒಬ್ಬ.

ನಾನು ಸೇವೆಗೆ ಸೇರಿದ್ದು 1981ರಲ್ಲಿ. ತರಬೇತಿಯ ಅವಧಿಯಲ್ಲಿ ಕೆಲವು ತಿಂಗಳು ನನ್ನನ್ನು ಒಂದು ಸಣ್ಣ ಪುರಸಭೆಗೆ ನಿಯೋಜಿಸಿದ್ದರು. ಸೈಕಲ್ ಇಟ್ಟುಕೊಂಡವರು ವರ್ಷಕ್ಕೊಮ್ಮೆ ತೆರಿಗೆ ಕಟ್ಟಿ, ತಗಡಿನ ಬಿಲ್ಲೆಯೊಂದನ್ನು ಪಡೆದು ಸೈಕಲ್ಲಿಗೆ ಸಿಕ್ಕಿಸಿಕೊಳ್ಳಬೇಕಾಗಿದ್ದ ಕಾಲ ಅದು. ನನ್ನ ವಯಸ್ಸಿನ ಓದುಗರಿಗೆ ಆ ಬಿಲ್ಲೆಯೂ, ದೀಪವಿಲ್ಲದ ಸೈಕಲ್ಲನ್ನು ತಡೆದು ಗಾಳಿ ಬಿಡುತ್ತಿದ್ದ ಪೊಲೀಸರೂ ನೆನಪಿರಬಹುದು. ಮಾರ್ಚ್ ತಿಂಗಳ ಕೊನೆಯಲ್ಲಿ ವಸೂಲಿಯ ಗುರಿ ಮುಟ್ಟಲಿಲ್ಲವೆಂದು ಬಿಲ್ ಕಲೆಕ್ಟರುಗಳು ಸಂತೆ ಬೀದಿಯ ತಿರುವಿನಲ್ಲಿ ನಿಂತು ಬಿಲ್ಲೆ ಇಲ್ಲದ ಸೈಕಲ್‌ಗಳನ್ನು ಹಿಡಿಯತೊಡಗಿದರು. ಮೇಲ್ವಿಚಾರಣೆಗೆ ನಾನಿದ್ದೆ. ಗಾರೆ ಕೆಲಸದವನೊಬ್ಬ ಸಿಕ್ಕಿಬಿದ್ದ. ಸಂಜೆ ಕೂಲಿ ಸಿಕ್ಕ ಮೇಲೆ ತಂದು ಕಟ್ಟುತ್ತೇನೆಂದು ಕೇಳಿಕೊಂಡ. ನಿಯಮದಲ್ಲಿ ಅದಕ್ಕೆ ಅವಕಾಶವಿಲ್ಲವೆಂದು ಹೇಳಿದವನು ನಾನೇ. ಆತ ಮರುಮಾತನಾಡದೆ ಹ್ಯಾಂಡಲಿಗೆ ನೇತುಹಾಕಿದ್ದ ಚೀಲವನ್ನು ಬಿಚ್ಚಿ ಹೆಗಲಿಗೇರಿಸಿಕೊಂಡು ನಡೆದುಹೋದ. ನಾನು ಅಲ್ಲಿಂದ ವರ್ಗವಾಗಿ ಹೊರಡುವ ದಿನವೂ ಆ ಸೈಕಲ್ ಪುರಸಭೆಯ ಹಿತ್ತಲಿನಲ್ಲಿ ಮಳೆಗೆ ನೆನೆಯುತ್ತಾ ನಿಂತಿತ್ತು.

ಹೊರಡುವ ಮುನ್ನ ನಾನು ಆ ತೆರಿಗೆಯ ಲೆಕ್ಕವನ್ನು ತೆಗೆದು ನೋಡಿದೆ. ಬಿಲ್ಲೆ ಮಾಡಿಸುವ ಖರ್ಚು, ರಸೀದಿ ಪುಸ್ತಕ, ವಸೂಲಿಗೆ ನಿಂತವರ ಸಂಬಳ ಎಲ್ಲವನ್ನೂ ಕಳೆದರೆ ಪುರಸಭೆಗೆ ಉಳಿಯುತ್ತಿದ್ದುದು ಏನೂ ಇಲ್ಲ. ಈ ತೆರಿಗೆಯನ್ನು ಕೈಬಿಡುವುದು ಲೇಸೆಂದು ಟಿಪ್ಪಣಿ ಬರೆದೆ. ಕಡತ ಮೇಲಕ್ಕೆ ಹೋಗಿ “ಚರ್ಚಿಸಿ” ಎಂಬ ಒಂದೇ ಪದದೊಂದಿಗೆ ಹಿಂದಿರುಗಿತು. ಆ ಚರ್ಚೆ ಅಂದು ನಡೆಯಲಿಲ್ಲ, ಈಗ ನಡೆಸೋಣ.

ಮೊದಲು ಕಾನೂನಿನ ಮಾತು. ಸೈಕಲ್ಲಿಗೆ ತೆರಿಗೆ ಹಾಕುವ ಅಧಿಕಾರ ಸರ್ಕಾರಕ್ಕೆ ಇಲ್ಲವೆಂದಲ್ಲ. ಸಂವಿಧಾನದ ಏಳನೆಯ ಅನುಸೂಚಿಯ ರಾಜ್ಯ ಪಟ್ಟಿಯಲ್ಲಿರುವ 57ನೆಯ ನಮೂದು, ಯಂತ್ರದಿಂದ ಓಡುವ ಹಾಗೂ ಓಡದ ಎರಡೂ ಬಗೆಯ ವಾಹನಗಳ ಮೇಲೆ ತೆರಿಗೆ ವಿಧಿಸಲು ರಾಜ್ಯಗಳಿಗೆ ಅವಕಾಶ ನೀಡಿದೆ. ಪ್ರಶ್ನೆ ಅಧಿಕಾರದ್ದಲ್ಲ, ಔಚಿತ್ಯದ್ದು.

ಇನ್ನು ನಾವು ರೂಢಿಯಲ್ಲಿ ‘ರಸ್ತೆ ತೆರಿಗೆ’ ಎಂದು ಕರೆಯುವುದು ವಾಸ್ತವದಲ್ಲಿ ರಸ್ತೆಯ ಬೆಲೆಯಲ್ಲ. 1957ರ ಕರ್ನಾಟಕ ಮೋಟಾರು ವಾಹನಗಳ ತೆರಿಗೆ ಅಧಿನಿಯಮದ ಪ್ರಕಾರ ಅದು ವಾಹನದ ಮೇಲಿನ ತೆರಿಗೆ. ಆ ಹಣ ರಾಜ್ಯದ ಬೊಕ್ಕಸವನ್ನು ಸೇರುತ್ತದೆ. ಅಲ್ಲಿಂದ ಶಾಲಾ ಶಿಕ್ಷಕರ ಸಂಬಳಕ್ಕೆ, ಆಸ್ಪತ್ರೆಯ ಔಷಧಿಗೆ, ನನ್ನ ಪಿಂಚಣಿಗೆ ಹೋಗುತ್ತದೆ. ಪೆಟ್ರೋಲ್, ಡೀಸೆಲ್ ಮೇಲಿನ ಕೇಂದ್ರದ ರಸ್ತೆ ಸೆಸ್ ಮಾತ್ರ ರಸ್ತೆ ಮತ್ತು ಮೂಲಸೌಕರ್ಯ ನಿಧಿಯ ಹೆಸರಿನಲ್ಲಿ ಸಂಗ್ರಹವಾಗುತ್ತದೆಯಾದರೂ ಅದರಲ್ಲಿ ದೊಡ್ಡ ಪಾಲು ಹೆದ್ದಾರಿಗಳದ್ದು. ನಮ್ಮ ಮನೆಯ ಮುಂದಿನ ಬೀದಿಯನ್ನು ನಿರ್ವಹಿಸುವುದು ನಗರ ಸ್ಥಳೀಯ ಸಂಸ್ಥೆ. ಅದರ ಮುಖ್ಯ ಆದಾಯ ಆಸ್ತಿ ತೆರಿಗೆ ಹಾಗೂ ಸರ್ಕಾರದ ಅನುದಾನ. ಒಂದು ಕೋಣೆಯ ಮನೆಯಲ್ಲಿ ಬಾಡಿಗೆಗಿರುವ ಸೈಕಲ್ ಸವಾರನೂ ತನ್ನ ಬಾಡಿಗೆಯ ಮೂಲಕ ಆಸ್ತಿ ತೆರಿಗೆಯ ಭಾರವನ್ನು ಹೊತ್ತಿರುತ್ತಾನೆ. ಸೈಕಲ್ ಕೊಳ್ಳುವಾಗಲೂ ಆತ ತೆರಿಗೆ ಕಟ್ಟಿದ್ದಾನೆ: 2017ರಲ್ಲಿ ಜಿಎಸ್‌ಟಿ ಬಂದಾಗ ಶೇ 12ರಷ್ಟಿದ್ದುದು 2025ರ ಸೆಪ್ಟೆಂಬರ್‌ನಿಂದ ಶೇ 5ಕ್ಕೆ ಇಳಿದಿದೆ. ಆದ್ದರಿಂದ ‘ಒಂದು ಪೈಸೆಯನ್ನೂ ಕಟ್ಟುವುದಿಲ್ಲ’ ಎಂಬ ಮಾತೇ ಸರಿಯಲ್ಲ.

ಬ್ರಿಟನ್ನಿನಲ್ಲಿಯೂ ಇದೇ ಜಗಳ ದಶಕಗಳಿಂದ ನಡೆದಿದೆ. ಅಲ್ಲಿ ವಾಹನ ತೆರಿಗೆಯನ್ನು ರಸ್ತೆಗೆಂದೇ ಮೀಸಲಿಟ್ಟಿದ್ದ ನಿಧಿಗೆ 1926ರಲ್ಲಿ ಮೊದಲು ಕೈಹಾಕಿದವರು ಅಂದಿನ ಹಣಕಾಸು ಸಚಿವ ವಿನ್‌ಸ್ಟನ್ ಚರ್ಚಿಲ್. ಹೀಗೆ ಮೀಸಲಿಡುತ್ತಾ ಹೋದರೆ ವಾಹನದವರು ಮುಂದೆ ರಸ್ತೆಯೇ ತಮ್ಮದೆಂದು ಹಕ್ಕು ಸಾಧಿಸಿಯಾರು ಎಂಬ ಶಂಕೆ ಅವರಿಗಿತ್ತು. 1937ರಲ್ಲಿ ಆ ಮೀಸಲು ವ್ಯವಸ್ಥೆ ಕೊನೆಗೊಂಡಿತು. ಆದರೆ ‘ರಸ್ತೆ ತೆರಿಗೆ’ ಎಂಬ ಪದ ಜನರ ಬಾಯಲ್ಲಿ ಉಳಿಯಿತು. ಅದರೊಡನೆ ಚರ್ಚಿಲ್ ಶಂಕಿಸಿದ್ದ ಆ ಹಕ್ಕುಸಾಧನೆಯೂ ಉಳಿಯಿತು.

ಇನ್ನು ಅರ್ಥಶಾಸ್ತ್ರದ ಮಾತು. ಬಳಸಿದವನು ಬೆಲೆ ತೆರಬೇಕೆಂಬ ತತ್ವವನ್ನು ನಾನು ಒಪ್ಪುತ್ತೇನೆ. ಹಾಗಾದರೆ ಲೆಕ್ಕವನ್ನು ಪೂರ್ತಿಯಾಗಿಯೇ ಮಾಡಬೇಕು. 1958ರಿಂದ 1960ರವರೆಗೆ ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ನಡೆದ ದೊಡ್ಡ ಪ್ರಯೋಗವೊಂದರ ನಂತರ ರಸ್ತೆ ಎಂಜಿನಿಯರುಗಳು ಒಂದು ಸ್ಥೂಲ ಸೂತ್ರವನ್ನು ಬಳಸುತ್ತಾ ಬಂದಿದ್ದಾರೆ: ರಸ್ತೆಯ ಸವೆತ ಅಚ್ಚಿನ ಮೇಲಿನ ಭಾರದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿರುತ್ತದೆ. ಅಂದರೆ ಭಾರ ಎರಡು ಪಟ್ಟಾದರೆ ಸವೆತ ಹದಿನಾರು ಪಟ್ಟು. 1,200 ಕಿಲೋ ತೂಕದ ಕಾರಿನ ಒಂದೊಂದು ಅಚ್ಚಿನ ಮೇಲೆ 600 ಕಿಲೋ ಭಾರ. ಸವಾರನೂ ಸೇರಿ 90 ಕಿಲೋ ತೂಗುವ ಸೈಕಲ್ಲಿನ ಒಂದೊಂದು ಚಕ್ರದ ಮೇಲೆ 45 ಕಿಲೋ. ಈ ಸೂತ್ರದಂತೆ ಒಂದೇ ದೂರ ಕ್ರಮಿಸುವ ಕಾರು, ಸೈಕಲ್ಲಿಗಿಂತ 30 ಸಾವಿರ ಪಟ್ಟು ಹೆಚ್ಚು ರಸ್ತೆಯನ್ನು ಸವೆಸುತ್ತದೆ. ಕಾರಿನವರು ಸವೆತದ ಬಾಬ್ತು 30 ಸಾವಿರ ರೂಪಾಯಿ ಕೊಟ್ಟರೆ ಸೈಕಲ್ಲಿನವನ ಪಾಲು ಒಂದು ರೂಪಾಯಿ. ಅದಕ್ಕೆ ರಸೀದಿ ಹರಿಯುವ ಖರ್ಚೇ ಅದಕ್ಕಿಂತ ಹೆಚ್ಚು. ಹೊಗೆ, ಸದ್ದು, ದಟ್ಟಣೆ, ಬೀದಿಬದಿಯಲ್ಲಿ ದಿನವಿಡೀ ಪುಕ್ಕಟೆಯಾಗಿ ನಿಲ್ಲುವ ಕಾರಿನ ಜಾಗ ಇವುಗಳ ಬೆಲೆಯನ್ನೂ ಲೆಕ್ಕಕ್ಕೆ ಹಿಡಿದರೆ ಬಾಕಿ ಯಾರದ್ದೆಂಬುದು ಸ್ಪಷ್ಟ.

ಸೈಕಲ್ ಪಥಗಳಿಗೆ ಹೆಸರಾದ ನೆದರ್‌ಲೆಂಡ್ಸ್ ಕೂಡ ಒಮ್ಮೆ ಸೈಕಲ್ ತೆರಿಗೆ ಹಾಕಿತ್ತೆಂಬುದು ಅನೇಕರಿಗೆ ತಿಳಿದಿರಲಾರದು. 1924ರಲ್ಲಿ ಜಾರಿಗೆ ಬಂದ ಆ ತೆರಿಗೆಗೂ ನಮ್ಮಲ್ಲಿನಂತೆ ಲೋಹದ ಬಿಲ್ಲೆಯಿತ್ತು. ನಿರುದ್ಯೋಗಿಗಳಿಗೆ ಬಿಲ್ಲೆಯನ್ನು ಉಚಿತವಾಗಿ ಕೊಡುತ್ತಿದ್ದರು. ಆದರೆ ಅದರಲ್ಲೊಂದು ತೂತು ಕೊರೆದಿರುತ್ತಿತ್ತು. ಎದುರಾದವರಿಗೆಲ್ಲ ಸವಾರನ ಬಡತನವನ್ನು ಸಾರುವ ತೂತು ಅದು. 1941ರಲ್ಲಿ ಆ ತೆರಿಗೆ ರದ್ದಾಯಿತು. 1970ರ ದಶಕದಲ್ಲಿ, ರಸ್ತೆಗಳಲ್ಲಿ ಮಕ್ಕಳ ಸಾವು ಹೆಚ್ಚಿ ಜನ ಬೀದಿಗಿಳಿದಾಗ ಮತ್ತು 1973ರ ತೈಲ ಬಿಕ್ಕಟ್ಟು ಎದುರಾದಾಗ, ಆ ದೇಶ ಸೈಕಲ್ ಪಥಗಳತ್ತ ಗಂಭೀರವಾಗಿ ಹೊರಳಿತು. ಅದಕ್ಕಾಗಿ ಬಿಲ್ಲೆಯ ತೆರಿಗೆಯನ್ನು ಮತ್ತೆ ತರಬೇಕೆಂದು ಅದಕ್ಕೆ ಅನಿಸಲಿಲ್ಲ.

‘ಪಥ ಮಾಡಿದರೂ ಅದರಲ್ಲಿ ಸೈಕಲ್‌ಗಳೇ ಓಡಾಡುವುದಿಲ್ಲ’ ಎಂಬುದು ನನ್ನ ಸ್ನೇಹಿತರ ಎರಡನೆಯ ಆಕ್ಷೇಪ. ಇದರಲ್ಲಿ ಸತ್ಯವಿದೆ. ಬೆಂಗಳೂರಿನ ಜಯನಗರದ ಸೈಕಲ್ ಪಥಗಳಲ್ಲಿ ಕಾರುಗಳು ನಿಂತಿದ್ದನ್ನು ನಾವೆಲ್ಲ ಕಂಡಿದ್ದೇವೆ. ಹೊರವರ್ತುಲ ರಸ್ತೆಯಲ್ಲಿ 2020ರಲ್ಲಿ ಗೂಟ ನೆಟ್ಟು ಬೇರ್ಪಡಿಸಿದ್ದ ಪಥದೊಳಗೆ ದ್ವಿಚಕ್ರ ವಾಹನಗಳು ನುಗ್ಗಿದವು. ಮುಂದೆ ಮೆಟ್ರೊ ಕಾಮಗಾರಿಯಲ್ಲಿ ಆ ಗೂಟಗಳೂ ಹೋದವು. ಅರ್ಧ ತೋಡಿ ಬಿಟ್ಟ ಕಾಲುವೆಯಲ್ಲಿ ನೀರು ಹರಿಯಲಿಲ್ಲವೆಂದು ಕೊನೆಯ ಹೊಲದ ರೈತನನ್ನು ದೂರುವುದು ತರವೇ? ವಾಹನಗಳನ್ನಲ್ಲ, ಜನರನ್ನು ಸಾಗಿಸುವುದೇ ಗುರಿಯಾಗಬೇಕೆಂದು ಕೇಂದ್ರ ಸರ್ಕಾರದ ರಾಷ್ಟ್ರೀಯ ನಗರ ಸಾರಿಗೆ ನೀತಿ 2006ರಲ್ಲಿಯೇ ಹೇಳಿದೆ. ಹೇಳಿದ್ದನ್ನು ಅರ್ಧಕ್ಕೆ ಮಾಡಿ ಬಿಟ್ಟವರು ಸೈಕಲ್ ಸವಾರರಲ್ಲ.

ಸೈಕಲ್ ಎಂದರೆ ಭಾನುವಾರದ ಮುಂಜಾನೆ ದುಬಾರಿ ಸೈಕಲ್ಲಿನಲ್ಲಿ ಹೆಲ್ಮೆಟ್ ತೊಟ್ಟು ಹೊರಡುವ ಯುವಕರ ಹವ್ಯಾಸವೆಂಬ ಭಾವನೆಯೂ ನಮ್ಮಲ್ಲಿ ಬೆಳೆದಿದೆ. 2011ರ ಜನಗಣತಿಯನ್ನು ನೋಡಿ. ಕೃಷಿ ಮತ್ತು ಗೃಹ ಕೈಗಾರಿಕೆಗಳನ್ನು ಬಿಟ್ಟು ಬೇರೆ ಕೆಲಸಗಳಲ್ಲಿದ್ದ ದೇಶದ ದುಡಿಯುವ ಜನರಲ್ಲಿ ಸುಮಾರು ಶೇ 13 ಮಂದಿ ಸೈಕಲ್ಲಿನಲ್ಲಿ ಕೆಲಸಕ್ಕೆ ಹೋಗುತ್ತಿದ್ದರು. ಕಾರಿನಲ್ಲಿ ಹೋಗುತ್ತಿದ್ದವರು ಶೇ 3ಕ್ಕಿಂತ ಕಡಿಮೆ. ನಮ್ಮ ರಾಜ್ಯ ಸರ್ಕಾರವೇ 2006–07ರಿಂದ ಹಲವು ವರ್ಷ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತವಾಗಿ ಸೈಕಲ್ ಹಂಚಿತು. ದೂರದ ಹಳ್ಳಿಗಳ ಹೆಣ್ಣುಮಕ್ಕಳು ಪ್ರೌಢಶಾಲೆಯ ಮೆಟ್ಟಿಲು ಹತ್ತಲು ಅದು ನೆರವಾಯಿತು. ಸೈಕಲ್ ಕೊಟ್ಟ ಸರ್ಕಾರ ಅದು ಓಡಲು ಸುರಕ್ಷಿತವಾದ ದಾರಿಯನ್ನು ಕೊಡಲಿಲ್ಲ ಎಂಬುದೇ ನನ್ನ ತಕರಾರು.

ಸೈಕಲ್ ಸವಾರರಿಗೆ ಹೊಣೆ ಇಲ್ಲವೆಂದು ನಾನು ವಾದಿಸುತ್ತಿಲ್ಲ. ಕೆಂಪು ದೀಪ ಅವರಿಗೂ ಕೆಂಪೇ. ರಾತ್ರಿ ದೀಪವಿಲ್ಲದೆ, ಎದುರು ದಿಕ್ಕಿನಿಂದ ಬರುವವರಿಗೆ ದಂಡ ಹಾಕಲಿ. ನಿಯಮ ಮೀರಿದ್ದಕ್ಕೆ ದಂಡ ಬೇರೆ, ರಸ್ತೆಗೆ ಬಂದದ್ದಕ್ಕೇ ತೆರಿಗೆ ಬೇರೆ. ಹಣ ಎಲ್ಲಿಂದ ಎಂದು ಕೇಳುವವರಿಗೆ ನನ್ನ ಸಲಹೆ ಇಷ್ಟೇ: ವಾಣಿಜ್ಯ ಬೀದಿಗಳಲ್ಲಿ ಕಾರು ನಿಲ್ಲಿಸಲು ನ್ಯಾಯವಾದ ಶುಲ್ಕ ವಿಧಿಸಿ, ಆ ಹಣದಲ್ಲಿ ಮೊದಲು ಶಾಲೆಗಳ ಮತ್ತು ಮೆಟ್ರೊ ನಿಲ್ದಾಣಗಳ ಸುತ್ತಲಿನ ಎರಡು ಮೂರು ಕಿಲೋಮೀಟರಿನಲ್ಲಿ ಎಲ್ಲಿಯೂ ತುಂಡಾಗದ ಪಥಗಳನ್ನು, ಭದ್ರವಾದ ಸೈಕಲ್ ನಿಲುಗಡೆಗಳನ್ನು ನಿರ್ಮಿಸಲಿ. ಸೈಕಲ್ಲಿಗೆ ಬದಲಾದ ಒಬ್ಬೊಬ್ಬರೂ ನನ್ನ ಸ್ನೇಹಿತರ ಮಗನ ಕಾರಿಗೆ ಅಷ್ಟಷ್ಟು ಜಾಗ ಬಿಟ್ಟುಕೊಟ್ಟಂತೆಯೇ.

ಮರುದಿನ ಉದ್ಯಾನದಲ್ಲಿ ಸ್ನೇಹಿತರಿಗೆ ಇದನ್ನೆಲ್ಲ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಅವರು ಕೇಳಿದ್ದು ಒಂದೇ ಮಾತು: “ಆ ಗಾರೆಯವನು ಸೈಕಲ್ ಬಿಡಿಸಿಕೊಳ್ಳಲು ಬರಲೇ ಇಲ್ಲವೇ?” ನಾನಿದ್ದಷ್ಟು ದಿನ ಬರಲಿಲ್ಲ. ಬಂದು ಕೇಳಿದ್ದರೆ, ತೆರಿಗೆಯ ಜೊತೆಗೆ ದಂಡವನ್ನೂ ಕಟ್ಟೆಂದು ನಾನು ಹೇಳಬೇಕಾಗಿತ್ತು.