ಬಾಗಿಲು ತೆರೆದ ಮೇಲೆ

ಹೋದ ತಿಂಗಳು ಆಫೀಸಿನವರು ಟೀಮ್ ಔಟಿಂಗ್ ಅಂತ ನಮ್ಮನ್ನ ಬೆಂಗಳೂರಿನ ಒಂದು ಎಸ್ಕೇಪ್ ರೂಮಿಗೆ ಕರ್ಕೊಂಡು ಹೋಗಿದ್ರು. ಆರು ಜನರನ್ನು ಒಂದು ಕೋಣೆಯೊಳಗೆ ಬಿಟ್ಟು ಹೊರಗಿನಿಂದ ಬಾಗಿಲು ಹಾಕಿದರು. ಥೀಮು ಯೂರೋಪಿನ ಹಳೇ ಕೋಟೆ. ಥರ್ಮೋಕೋಲಿನ ಕಲ್ಲುಗೋಡೆ, ಮಿಣಮಿಣ ಅನ್ನೋ ಎಲ್‌ಇಡಿ ಮೇಣದಬತ್ತಿ, ಮೂಲೆಯಲ್ಲೊಂದು ಪ್ಲಾಸ್ಟಿಕ್ ತಲೆಬುರುಡೆ. ನೀವೆಲ್ಲ ಕೈದಿಗಳು, 60 ನಿಮಿಷದೊಳಗೆ ಕೀ ಹುಡುಕಿಕೊಂಡು ಆಚೆ ಬನ್ನಿ ಅಂದರು. ಗೋಡೆ ತಟ್ಟಿದೆವು, ಪಟ ತಿರುಗಿಸಿದೆವು, ಕಾರ್ಪೆಟ್ ಎತ್ತಿದೆವು, ಒಬ್ಬರಿಗೊಬ್ಬರು ರೇಗಿದೆವು. 52ನೇ ನಿಮಿಷಕ್ಕೆ ಬೀಗ ತೆರೀತು. ಸೆಲ್ಫಿ, ಸ್ಟೇಟಸ್, ಬಿರಿಯಾನಿ.

ರಾತ್ರಿ ಅರಿಶಿನಕುಂಟೆಯ ಮನೆಗೆ ಬಂದು ಊಟದ ಹೊತ್ತಲ್ಲಿ ಎಲ್ಲವನ್ನೂ ವರ್ಣಿಸಿದೆ. ಚಿಕ್ಕಪ್ಪ ನೆಲದ ಮೇಲೆ ಕೂತು ಮುದ್ದೆ ಮುರೀತಾ ಪೂರ್ತಿ ಕೇಳಿಸಿಕೊಂಡರು. ಕೊನೆಗೆ ಒಂದೇ ಪ್ರಶ್ನೆ.

"ಬಾಗ್ಲು ತೆಗುದ್ಮೇಲೆ ಏನ್ಮಾಡುದ್ರಿ?"

"ಬಿರಿಯಾನಿ ತಿಂದ್ವಿ."

"ಅಷ್ಟೇನಾ?" ಅಂತ ನಕ್ಕು ಕೈತೊಳೆಯೋಕೆ ಎದ್ದುಹೋದರು. ನನಗೆ ನಗು ಬರಲಿಲ್ಲ. ಕಾರಣ ಇದೆ.

ಚಿಕ್ಕಪ್ಪ ಲಾರಿ ಡ್ರೈವರು. ನಮ್ಮೂರಿನ ಮುಂದೆ ಹಾದುಹೋಗುವ ತುಮಕೂರು ರೋಡಿನಲ್ಲೇ ಅವರ ಅರ್ಧ ಆಯಸ್ಸು ಕಳೆದಿದೆ. 2011ರಲ್ಲಿ ಒಬ್ಬ ಏಜೆಂಟನ ಮಾತು ನಂಬಿ, ಸಾಲ ಮಾಡಿ ಗಲ್ಫಿಗೆ ಹೋದರು. ಟ್ರೇಲರ್ ಓಡಿಸುವ ಕೆಲಸ ಅಂದಿದ್ದರು. ಇಳಿದ ದಿನವೇ ಮಾಲೀಕ ಪಾಸ್‌ಪೋರ್ಟ್ ಇಸ್ಕೊಂಡ. ಊರಿಂದ ದೂರದ ಒಂದು ತೋಟದಲ್ಲಿ ನೀರಿನ ಟ್ಯಾಂಕರ್ ಓಡಿಸೋಕೆ ಹಾಕಿದ. ಕಾಂಪೌಂಡಿಗೆ ರಾತ್ರಿ ಬೀಗ. ಮೊದಲ ಐದು ತಿಂಗಳು ಸಂಬಳ ಇಲ್ಲ, ಆಮೇಲೆ ಬಂದದ್ದೂ ಅರ್ಧ. "ಗೋಡೆ ಹಾರೋದು ಕಷ್ಟ ಏನ್ ಅಲ್ಲ ಮಗ. ಹಾರಿ ಎಲ್ಲಿಗ್ ಹೋಗೋದು? ಸುತ್ತ ಮರಳು" ಅಂತಿದ್ದರು. ಮೂರು ವರ್ಷ ಆದಮೇಲೆ ಒಬ್ಬ ಮಲಯಾಳಿ ಡ್ರೈವರು ತನ್ನ ಗಾಡಿಯಲ್ಲಿ ಕೂರಿಸಿಕೊಂಡು ಭಾರತದ ರಾಯಭಾರ ಕಚೇರಿಯ ಮುಂದೆ ಇಳಿಸಿಹೋದ. ಅಲ್ಲಿಂದ ಔಟ್‌ಪಾಸ್ ಸಿಕ್ಕಿ 2014ರಲ್ಲಿ ಊರಿಗೆ ಬಂದರು.

ದೇವನಹಳ್ಳಿ ಏರ್‌ಪೋರ್ಟಿಗೆ ಹಾರ ತಗೊಂಡು ಹೋಗಿದ್ವಿ. ಹೋಗುವಾಗ ಮೂರು ವರ್ಷದವನಾಗಿದ್ದ ಅವರ ಮಗ ಅಪ್ಪನನ್ನು ನೋಡಿ ಚಿಕ್ಕಮ್ಮನ ಸೀರೆ ಹಿಂದೆ ಬಚ್ಚಿಟ್ಟುಕೊಂಡ. ಬಂದ ನೆಂಟರೆಲ್ಲ ಕೇಳಿದ್ದು ಒಂದೇ: "ಹೆಂಗ್ ತಪ್ಪುಸ್ಕೊಂಡ್ರಿ?" ಚಿಕ್ಕಪ್ಪ ಆ ಕಥೆಯನ್ನು ನೂರು ಸಲ ಹೇಳಿದ್ದಾರೆ, ಸಿನಿಮಾ ಥರ. ನಾವೂ ಹಾಗೇ ಕೇಳಿದ್ದೇವೆ. ಅವರು ಇವತ್ತಿಗೂ ಕೋಣೆಯ ಬಾಗಿಲು ಹಾಕಿಕೊಂಡು ಮಲಗುವುದಿಲ್ಲ ಅನ್ನೋದನ್ನ ಮಾತ್ರ ಯಾರೂ ಕಥೆಗೆ ಸೇರಿಸಿಲ್ಲ.

ಕೋಟೆಯಲ್ಲಿ ಸಿಕ್ಕಿಬಿದ್ದವರ ಕಥೆಗಳೆಲ್ಲ ಹೀಗೇ. 1764ರಲ್ಲಿ ಹೊರೇಸ್ ವಾಲ್‌ಪೋಲ್ ಅನ್ನೋ ಇಂಗ್ಲಿಷ್ ಲೇಖಕ 'ದಿ ಕ್ಯಾಸಲ್ ಆಫ್ ಒಟ್ರಾಂಟೊ' ಬರೆದ. ಗಾಥಿಕ್ ಕಾದಂಬರಿಗಳ ಸಾಲಿನಲ್ಲಿ ಮೊದಲನೆಯದು ಅಂತ ಅದನ್ನು ಹೇಳುತ್ತಾರೆ. ಅದರಲ್ಲಿ ಒಬ್ಬ ಹುಡುಗಿ ದುಷ್ಟ ದೊರೆಯಿಂದ ತಪ್ಪಿಸಿಕೊಳ್ಳೋಕೆ ಕೋಟೆಯ ಕೆಳಗಿನ ಸುರಂಗದಲ್ಲಿ ಕತ್ತಲಲ್ಲಿ ತಡಕಾಡುತ್ತಾಳೆ. ಇವತ್ತಿನ ಹಾರರ್ ಸಿನಿಮಾ, ಮೊಬೈಲ್ ಗೇಮು, ನಮ್ಮ ಎಸ್ಕೇಪ್ ರೂಮು ಎಲ್ಲ ಆ ಸುರಂಗದ ಮೊಮ್ಮಕ್ಕಳೇ. ಓದುವವರಿಗೆ ಕಳ್ಳಬಾಗಿಲು ಸಿಕ್ಕರೆ ಸಾಕು.

ಈ ಕಾದಂಬರಿಗಳನ್ನು ಇಂಗ್ಲೆಂಡಿನ ಜನ ರಾತ್ರಿ ದೀಪ ಹಚ್ಚಿಕೊಂಡು ಓದುತ್ತಿದ್ದ ಕಾಲದಲ್ಲೇ ಅವರ ದೇಶದ ಒಬ್ಬ ಹುಡುಗ ನಮ್ಮ ಕಡೆಯ ನಿಜವಾದ ಕೋಟೆಯೊಳಗೆ ಸಿಕ್ಕಿಬಿದ್ದಿದ್ದ. ಹೆಸರು ಜೇಮ್ಸ್ ಸ್ಕರಿ. ಅವನ ಬಗ್ಗೆ ಓದಿದ್ದು ನೆನಪಾಗಿ, ಆ ಭಾನುವಾರ ಚಿಕ್ಕಪ್ಪನನ್ನು ಹೊರಡಿಸಿಕೊಂಡು ಚಿತ್ರದುರ್ಗಕ್ಕೆ ಹೋದೆ. ದೂರ ಏನಿಲ್ಲ. ನಮ್ಮೂರ ಮುಂದಿನ ಹೈವೇ ಹಿಡಿದು ತುಮಕೂರು, ಸಿರಾ, ಹಿರಿಯೂರು ದಾಟಿದರೆ ಮೂರು ಗಂಟೆ ದಾರಿ. ಚಿಕ್ಕಪ್ಪ ಹುಬ್ಬಳ್ಳಿ ಲೋಡು ಹೊಡೆಯುವಾಗ ಸಾವಿರ ಸಲ ಆ ಬೆಟ್ಟ ನೋಡಿದ್ದಾರೆ, ಒಂದು ಸಲವೂ ಹತ್ತಿರಲಿಲ್ಲ.

ಏಳುಸುತ್ತಿನ ಕೋಟೆ ಅಂದರೆ ಏನು ಅಂತ ಅಲ್ಲಿ ನಡೆದರೇ ಗೊತ್ತಾಗೋದು. ಒಂದು ಬಾಗಿಲು ದಾಟಿದರೆ ದಾರಿ ತಿರುಗುತ್ತೆ, ಎದುರಿಗೆ ಮತ್ತೆ ಗೋಡೆ. ಬಾಗಿಲುಗಳು 19, ಕಳ್ಳದಾರಿಗಳು 35 ಅಂತ ಲೆಕ್ಕ ಹೇಳುತ್ತಾರೆ. ಎಲ್ಲರೂ ಫೋಟೋ ತೆಗೆಸಿಕೊಳ್ಳೋದು ಒಂದರ ಹತ್ತಿರ ಮಾತ್ರ, ಓಬವ್ವನ ಕಿಂಡಿ. ಹೈದರಾಲಿಯ ಸೈನಿಕರು ಅದರೊಳಗೆ ಒಬ್ಬೊಬ್ಬರಾಗಿ ನುಸುಳಿ ಬಂದರು, ನೀರಿಗೆ ಹೋಗಿದ್ದ ಓಬವ್ವ ಒನಕೆ ಹಿಡಿದು ನಿಂತಳು. 1972ರ 'ನಾಗರಹಾವು' ಸಿನಿಮಾದಲ್ಲಿ ಜಯಂತಿ ಅವರನ್ನು ಆ ಪಾತ್ರದಲ್ಲಿ ನೋಡದ ಕನ್ನಡಿಗರು ಕಡಿಮೆ. ಆಮೇಲೆ 1779ರಲ್ಲಿ ಕೋಟೆ ಹೈದರನ ಕೈಗೆ ಹೋಯಿತು. ದುರ್ಗದ ದೊರೆ ಮದಕರಿ ನಾಯಕನನ್ನೇ ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದರು. ಆತ ತಿರುಗಿ ಬರಲಿಲ್ಲ.

ಸ್ಕರಿ ಇಲ್ಲಿಗೆ ಬಂದದ್ದು ಅದಾದ ಮೇಲೆ. ಹುಟ್ಟಿದ್ದು 1766ರಲ್ಲಿ. 'ಹ್ಯಾನಿಬಲ್' ಅನ್ನೋ ಇಂಗ್ಲಿಷ್ ಯುದ್ಧನೌಕೆಯಲ್ಲಿದ್ದ. 1782ರಲ್ಲಿ ಫ್ರೆಂಚರು ಆ ಹಡಗನ್ನು ಹಿಡಿದು, ಅದರಲ್ಲಿದ್ದವರನ್ನು ತಮ್ಮ ಗೆಳೆಯ ಹೈದರಾಲಿಗೆ ಒಪ್ಪಿಸಿದರು. ಬೆಂಗಳೂರು ಕೋಟೆಯಲ್ಲಿ ಸ್ವಲ್ಪ ಕಾಲ ಇಟ್ಟು, ಚಿಕ್ಕ ವಯಸ್ಸಿನವರನ್ನು ಆರಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿದರು. ಅಲ್ಲಿ ಬಲವಂತದಿಂದ ಸುನ್ನತಿ ಆಯಿತು, ಹೆಸರು ಬದಲಾಯಿತು, ಬಟ್ಟೆ ಬದಲಾಯಿತು, ಟಿಪ್ಪುವಿನ ಪಡೆಯಲ್ಲಿ ಕವಾಯತು ಶುರುವಾಯಿತು.

1784ರಲ್ಲಿ ಮಂಗಳೂರು ಒಪ್ಪಂದವಾಗಿ ಎಷ್ಟೋ ಇಂಗ್ಲಿಷ್ ಕೈದಿಗಳು ಮನೆಗೆ ಹೋದರು. ಶ್ರೀರಂಗಪಟ್ಟಣದ ಸೆರೆಯಲ್ಲಿದ್ದ ಡೇವಿಡ್ ಬೇರ್ಡ್ ಹೋದ. ಅದೇ ಬೇರ್ಡ್ 1799ರಲ್ಲಿ ವಾಪಸ್ ಬಂದು ಅದೇ ಕೋಟೆಗೆ ಲಗ್ಗೆ ಹಾಕಿ ಒಳನುಗ್ಗಿದ ಪಡೆಯ ಮುಂದಾಳಾದ. ಸ್ಕರಿಯಂಥ ಹುಡುಗರನ್ನು ಮಾತ್ರ ಬಿಡಲಿಲ್ಲ. ಬಾಗಿಲು ತೆರೆದಿದೆ, ಬೇರೆಯವರು ಆಚೆ ಹೋಗ್ತಾ ಇದ್ದಾರೆ, ನಿಮ್ಮ ಹೆಸರು ಪಟ್ಟಿಯಲ್ಲಿಲ್ಲ. ಇದಕ್ಕಿಂತ ದೊಡ್ಡ ಕತ್ತಲಕೋಣೆ ಯಾವ ಕಾದಂಬರಿಯಲ್ಲಿದೆ ಹೇಳಿ.

ಇದನ್ನು ಒಂದು ಕಡೆಯವರ ಕ್ರೌರ್ಯದ ಕಥೆಯಾಗಿ ಹೇಳುವ ಆಸೆ ನನಗಿಲ್ಲ. 1792ರಲ್ಲಿ ಸೋತ ಟಿಪ್ಪು ತನ್ನ ಇಬ್ಬರು ಚಿಕ್ಕ ಮಕ್ಕಳನ್ನು ಕಾರ್ನ್‌ವಾಲಿಸನಿಗೆ ಒತ್ತೆಯಾಗಿ ಕೊಡಬೇಕಾಯಿತು. 1794ರವರೆಗೆ ಅವರು ಮದರಾಸಿನಲ್ಲಿದ್ದರು. ದೊಡ್ಡವರ ಲೆಕ್ಕ ಚುಕ್ತಾ ಆಗೋವರೆಗೂ ಮಕ್ಕಳು ಅಡವು.

ಮುಂದೆ ಸ್ಕರಿಯನ್ನು ಚಿತ್ರದುರ್ಗಕ್ಕೆ ಕಳಿಸಿದರು. ಅಷ್ಟರಲ್ಲಿ ಅವನಿಗೆ ಮದುವೆಯಾಗಿತ್ತು. ಹುಡುಗಿಯೂ ಅವನ ಹಾಗೇ ಎಲ್ಲಿಂದಲೋ ಹಿಡಿದು ತಂದವಳು. ಮಗುವೂ ಇತ್ತು. ಮೂರನೇ ಮೈಸೂರು ಯುದ್ಧ ಶುರುವಾಗಿ ಎಲ್ಲರ ಗಮನ ಆ ಕಡೆ ಇದ್ದಾಗ, ಕೆಲವು ಸಂಗಾತಿಗಳ ಜೊತೆ ಕೋಟೆಯಿಂದ ತಪ್ಪಿಸಿಕೊಂಡು ತನ್ನವರ ಸೈನ್ಯ ಸೇರಿದ. ಹತ್ತು ವರ್ಷದ ಸೆರೆ ಮುಗೀತು. ಹೆಂಡತಿ, ಮಗು ಕೋಟೆಯೊಳಗೇ ಉಳಿದರು.

ಸಿನಿಮಾ ಆಗಿದ್ದರೆ ಇಲ್ಲಿಗೆ ಟೈಟಲ್ ಕಾರ್ಡು ಬರಬೇಕಿತ್ತು. ಆದರೆ ಇಂಗ್ಲಿಷರ ನಡುವೆ ಬಂದ ಸ್ಕರಿಗೆ ಕುರ್ಚಿ ಮೇಲೆ ಕೂರೋದು ಮರೆತುಹೋಗಿತ್ತು. ಚಾಕು, ಫೋರ್ಕು ಹಿಡಿಯೋಕೆ ಬರುತ್ತಿರಲಿಲ್ಲ. ತಾಯಿನುಡಿ ತೊದಲುತ್ತಿತ್ತು. ಬಿಸಿಲಿಗೆ ಮೈಬಣ್ಣ ಕಪ್ಪಾಗಿತ್ತು, ಅವರ ಬಿಗಿ ಬಟ್ಟೆ ಮೈಗೆ ಸೇರುತ್ತಿರಲಿಲ್ಲ. ಹತ್ತು ವರ್ಷ ಯಾವ ಮನೆಗೆ ಹೋಗಬೇಕು ಅಂತ ಕನಸು ಕಂಡಿದ್ದನೋ ಆ ಮನೆಯಲ್ಲೇ ಪರದೇಶಿ. ಅವನು ತೀರಿಕೊಂಡದ್ದು 1822ರಲ್ಲಿ. ಅವನ ನೆನಪುಗಳು ಪುಸ್ತಕವಾಗಿ ಬಂದದ್ದು 1824ರಲ್ಲಿ.

ಮೇಲುದುರ್ಗದ ಬಂಡೆ ಮೇಲೆ ಕೂತು ಇಷ್ಟನ್ನೂ ಚಿಕ್ಕಪ್ಪನಿಗೆ ಹೇಳಿದೆ. ಕೆಳಗೆ ಹೊಂಡದ ನೀರು ಪಾಚಿಗಟ್ಟಿತ್ತು, ಆಚೆ ಗಾಳಿಯಂತ್ರಗಳು ತಿರುಗುತ್ತಿದ್ದವು. ತುಂಬಾ ಹೊತ್ತು ಸುಮ್ಮನಿದ್ದರು.

"ಕುರ್ಚಿ ಮ್ಯಾಲೆ ಕೂರಕ್ಕೆ ಬರ್ತಿರ್ಲಿಲ್ವಾ?"

"ಹೂಂ."

"ನಂಗೂ ವಸಿ ದಿನ ನಿಮ್ ಚಿಕ್ಕಮ್ಮುನ್ ಜೊತೆ ಏನ್ ಮಾತಾಡ್ಬೇಕು ಅಂತಾನೇ ಗೊತ್ತಾಗ್ತಿರ್ಲಿಲ್ಲ ಮಗ. ಮಗ ಹತ್ರ ಬರ್ತಿರ್ಲಿಲ್ಲ. ಒಂದೊಂದ್ಸಲ ಆ ಟ್ಯಾಂಕರೇ ವಾಸಿ ಅನ್ನುಸ್ಬಿಡೋದು. ಇದ್ನ ಯಾರ್ಗ್ ಹೇಳನ? ತಪ್ಪುಸ್ಕೊಂಡ್ ಬಂದೋನು ಖುಷಿಯಾಗ್ ಇರ್ಬೇಕಲ್ಲ."

ಹನ್ನೊಂದು ವರ್ಷಕ್ಕೂ ಮೇಲೆ ಒಂದೇ ಮನೆಯಲ್ಲಿದ್ದೇವೆ. ಈ ಮಾತು ನಾನು ಕೇಳಿದ್ದು ಅವತ್ತೇ ಮೊದಲು.

ಓದುತ್ತಿರುವ ನಿಮ್ಮ ಮನೆಯಿಂದಲೋ ಬೀದಿಯಿಂದಲೋ ಯಾರಾದರೂ ಹೊರದೇಶಕ್ಕೆ ಕೆಲಸಕ್ಕೆ ಹೊರಟಿದ್ದರೆ ಎರಡು ವಿಷಯ ಹೇಳಿ. ಪಾಸ್‌ಪೋರ್ಟು 1967ರ ಕಾಯ್ದೆ ಪ್ರಕಾರ ಭಾರತ ಸರ್ಕಾರದ ಸ್ವತ್ತು. ಅದನ್ನು ಕಿತ್ತಿಟ್ಟುಕೊಳ್ಳುವ ಹಕ್ಕು ಯಾವ ಮಾಲೀಕನಿಗೂ ಇಲ್ಲ. ಅದರ ಒಂದು ಕಾಪಿ ಮನೆಯಲ್ಲಿರಲಿ, ಒಂದು ಫೋಟೋ ಫೋನಿನಲ್ಲಿರಲಿ. ಎರಡನೆಯದು, ವಿದೇಶಾಂಗ ಸಚಿವಾಲಯದ 'ಮದದ್' ಅನ್ನೋ ಪೋರ್ಟಲ್ 2015ರಿಂದ ಇದೆ. ಅಲ್ಲಿ ಸಿಕ್ಕಿಬಿದ್ದವರ ಪರವಾಗಿ ಇಲ್ಲಿಂದ ಮನೆಯವರೂ ದೂರು ಹಾಕಬಹುದು. ಚಿಕ್ಕಪ್ಪನ ಕಾಲಕ್ಕೆ ಅದು ಇರಲಿಲ್ಲ.

ಇನ್ನು, ಯಾರಾದರೂ ಹಾಗೆ ವಾಪಸ್ ಬಂದಿದ್ದರೆ, ಗಲ್ಫಿಂದಲೇ ಆಗಬೇಕಿಲ್ಲ, ಜೈಲಿಂದಲೋ, ಕೆಟ್ಟ ಮದುವೆಯಿಂದಲೋ, ಹೇಗೆ ಬಂದಿರಿ ಅಂತ ಖಂಡಿತ ಕೇಳಿ. ಅವರಿಗೂ ಹೇಳಬೇಕು ಅಂತ ಇರುತ್ತೆ. ಅದಾದಮೇಲೆ ಎದ್ದು ಹೋಗಬೇಡಿ. ಬಂದಮೇಲೆ ಹೇಗಿದ್ದೀರಿ ಅಂತಲೂ ಕೇಳಿ.

ಅವತ್ತು ರಾತ್ರಿ ಮನೆ ಸೇರುವಾಗ ಹತ್ತೂವರೆ. ಹೊರಬಾಗಿಲಿಗೆ ಚಿಲಕ ಹಾಕುವ ಕೆಲಸ ನನ್ನದು. ಚಿಕ್ಕಪ್ಪನ ಕೋಣೆ ಮುಂದೆ ಹಾದು ಬಂದೆ. ಬಾಗಿಲು ಎಂದಿನಂತೆ ಪೂರ್ತಿ ತೆರೆದಿತ್ತು. ಗಾಳಿಗೆ ಬಡಿದುಕೊಳ್ಳದಿರಲಿ ಅಂತ ಅಡಿಗೆ ಒಂದು ಚಪ್ಪಲಿ ಸಿಕ್ಕಿಸಿ ಬಂದೆ.