ರಾಜನಿಗೆ ಎರಡಕ್ಷರ, ಕುಂಬಾರನಿಗೆ ಪೂರ್ತಿ ಹೆಸರು

ಟಿಳಕವಾಡಿಯ ಆರ್‌ಪಿಡಿ ಕ್ರಾಸ್ ದಾಟಿ ಖಾನಾಪುರ ರಸ್ತೆ ಹಿಡಿದರೆ, ಸುಮಾರು 25 ಕಿಲೋಮೀಟರ್‌ಗೆ ಕುಂಬಾರಿಕೆಗೆ ಹೆಸರಾದ ಊರು ಸಿಗುತ್ತೆ. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕೇಂದ್ರೀಯ ಕುಂಬಾರಿಕೆ ಸಂಸ್ಥೆ ಇರೋದೂ ಖಾನಾಪುರದಲ್ಲೇ. ಬಾಲ್ಕನಿಯ ಕುಂಡ, ಬೇಸಿಗೆಯ ನೀರಿನ ಗಡಿಗೆ, ದೀಪಾವಳಿಯ ಹಣತೆ ಎಲ್ಲ ನಮ್ಮ ಮನೆಯಲ್ಲುಂಟು. ಆದರೆ ಅವನ್ನು ಮಾಡಿದವರ ಹೆಸರು ಹೇಳಿ ನೋಡೋಣ? ಗೊತ್ತಿಲ್ಲ, ಅಲ್ವಾ?

ಇದೇ ಪ್ರಶ್ನೆಯನ್ನು 350 ವರ್ಷ ಹಿಂದಿನ ಇಂಗ್ಲೆಂಡಿನ ಒಂದು ತಟ್ಟೆಗೆ ಕೇಳಿದರೆ ಉತ್ತರ ಸಿಗುತ್ತೆ. ಸ್ಟಾಫರ್ಡ್‌ಶೈರ್‌ನ ಕುಂಬಾರ ಥಾಮಸ್ ಟಾಫ್ಟ್ ದೊಡ್ಡ ದೊಡ್ಡ ಮಣ್ಣಿನ ತಟ್ಟೆಗಳ ಮೇಲೆ ರಾಜ ಎರಡನೇ ಚಾರ್ಲ್ಸ್‌ನ ಚಿತ್ರ ಬಿಡಿಸುತ್ತಿದ್ದ. 1651ರ ಯುದ್ಧದಲ್ಲಿ ಸೋತ ಚಾರ್ಲ್ಸ್ ಓಕ್ ಮರವೇರಿ ಅಡಗಿ ಕೂತು ಜೀವ ಉಳಿಸಿಕೊಂಡಿದ್ದ. 1660ರಲ್ಲಿ ವಾಪಸ್ ಬಂದು ಪಟ್ಟವೇರಿದ. ಆ ಮರ, ಎಲೆಗಳ ನಡುವೆ ಇಣುಕುವ ರಾಜನ ಮುಖ, ಎಲ್ಲ ತಟ್ಟೆ ಮೇಲೆ ಬಂತು.

ಈ ಚಾರ್ಲ್ಸ್ ನಮಗೆ ತೀರಾ ಹೊರಗಿನವನೇನಲ್ಲ. ಪೋರ್ಚುಗಲ್‌ನ ರಾಜಕುಮಾರಿಯ ಜೊತೆ ವರದಕ್ಷಿಣೆಯಾಗಿ ಬಂದ ಬಾಂಬೆಯನ್ನು 1668ರಲ್ಲಿ ವರ್ಷಕ್ಕೆ 10 ಪೌಂಡ್ ಬಾಡಿಗೆಗೆ ಈಸ್ಟ್ ಇಂಡಿಯಾ ಕಂಪನಿಗೆ ಕೊಟ್ಟವನು ಇವನೇ. ಮುಂದೆ ನಮ್ಮ ಬೆಳಗಾವಿಯೂ ಅದೇ ಬಾಂಬೆಯ ಆಡಳಿತಕ್ಕೆ ಸೇರಿ, 1956ರವರೆಗೂ ಅಲ್ಲೇ ಇತ್ತು.

ಸರಿ, ತಟ್ಟೆ ಹೇಗೆ ಮಾಡ್ತಿದ್ದ? ಕೆಂಪು ಮಣ್ಣಿನ ತಟ್ಟೆಗೆ ಮೊದಲು ಬಿಳಿ ಮಣ್ಣಿನ ತಿಳಿ ರಾಡಿ ಬಳಿಯೋದು. ಇದಕ್ಕೇ ಸ್ಲಿಪ್ ಅಂತಾರೆ. ಆಮೇಲೆ ಮೆಹಂದಿ ಕೋನ್ ಹಿಡಿದ ಹಾಗೆ, ಕಂದು ರಾಡಿಯನ್ನು ಸಣ್ಣ ಕೊಳವೆಯಿಂದ ಬಿಡುತ್ತಾ ಗೆರೆ ಎಳೆಯೋದು, ಗೆರೆ ಮೇಲೆ ಸಾಲಾಗಿ ಬಿಳಿ ಚುಕ್ಕಿ ಇಡೋದು. ಕೈ ಸ್ವಲ್ಪ ನಡುಗಿದರೂ ರಾಜನ ಮೂಗು ಸೊಟ್ಟ! ಕೊನೆಗೆ ಸೀಸದ ಮೆರುಗು ಕೊಟ್ಟು ಸುಟ್ಟರೆ ಜೇನಿನ ಬಣ್ಣ. ರಾಡಿ ಬಳಿಯೋದು ನಮಗೂ ಹೊಸದಲ್ಲ. ನಮ್ಮ ಕುಂಬಾರರೂ ಸುಡುವ ಮುಂಚೆ ಗಡಿಗೆಗೆ ಕೆಮ್ಮಣ್ಣಿನ ತಿಳಿ ಬಳಿಯುತ್ತಾರೆ.

ವ್ಯತ್ಯಾಸ ಇರೋದು ತಟ್ಟೆಯ ಅಂಚಿನಲ್ಲಿ. ಇಂಥ ತಟ್ಟೆಗಳಲ್ಲಿ ರಾಜನಿಗೆ ಸಿಗೋದು ‘ಸಿ ಆರ್’ ಅನ್ನೋ ಎರಡಕ್ಷರ. ಅಂಚಿನ ಮೇಲೆ ದಪ್ಪಕ್ಷರದಲ್ಲಿ ಪೂರ್ತಿಯಾಗಿ ಬರೆದಿರೋದು ‘ಥಾಮಸ್ ಟಾಫ್ಟ್’ ಅಂತ. ಇವತ್ತು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿರುವ ಅವನ ತಟ್ಟೆಗಳನ್ನು ಜನ ಗುರುತಿಸೋದು ‘ಟಾಫ್ಟ್ ತಟ್ಟೆ’ ಅಂತಲೇ.

ಕುಂಬಾರರ ಹೆಸರು ಹಿಡಿದು ಕರೆಯೋ ರೂಢಿ ನಮ್ಮಲ್ಲಿ ಇರಲಿಲ್ಲ ಅಂತಲ್ಲ. ಹರಿಹರ ಕವಿ ಕುಂಬಾರ ಗುಂಡಯ್ಯನ ಮೇಲೆ ಒಂದು ರಗಳೆಯನ್ನೇ ಬರೆದ. ಆದರೆ ಅಲ್ಲಿ ಹೆಸರು ಉಳಿದದ್ದು ಭಕ್ತಿಗೆ. ಗಡಿಗೆಯ ಮೇಲೆ ಹೆಸರು ಬರಲೇ ಇಲ್ಲ.

ಹೆಸರಿಲ್ಲದ ವಸ್ತುವಿಗೆ ನಾವು ಸಲೀಸಾಗಿ ಚೌಕಾಸಿ ಮಾಡ್ತೀವಿ. ಬ್ರ್ಯಾಂಡಿನ ಮಗ್ಗಿಗೆ ಮಾಡೋದಿಲ್ಲ. ಕ್ಯೂಆರ್ ಸ್ಕ್ಯಾನ್ ಮಾಡಿದಾಗಲೂ ಫೋನಿನಲ್ಲಿ ಬರೋದು ಹಣ ಪಡೆಯುವವರ ಹೆಸರು. ತಿಗರಿ ತಿರುಗಿಸಿದವರು ಬೇರೆಯೇ ಇರಬಹುದು.

ಮುಂದಿನ ಸಲ ಗಡಿಗೆ ಕೊಳ್ಳುವಾಗ ಎರಡು ಮಾತು ಕೇಳಿ. ಮೆರುಗು ಕೊಟ್ಟ ಪಾತ್ರೆಯಾದರೆ, ಸೀಸ ಇದೆಯಾ ಅಂತ. ಇದ್ದರೆ ಊಟಕ್ಕೆ ಬೇಡ. ಇನ್ನೊಂದು, ‘ಇದನ್ನ ಮಾಡಿದೋರು ಯಾರ್ರೀ?’ ಸಾಧ್ಯವಾದರೆ ತಳದಲ್ಲಿ ಹೆಸರು ಕೆತ್ತಿಕೊಡೋಕೆ ಹೇಳಿ, ಹತ್ತಿಪ್ಪತ್ತು ರೂಪಾಯಿ ಹೆಚ್ಚೇ ಕೊಡಿ. ಹಸಿ ಮಣ್ಣಿನ ಮೇಲೆ ಹೆಸರು ಬರೆಯೋಕೆ ಒಂದು ಕಡ್ಡಿ ಸಾಕು.