ಓಲ್ಡ್ ಟೌನ್ ಖರ್ಚಿಗೆ ಯಾವ ಕಾರ್ಡ್ ಹೊಂದುತ್ತೆ?

ಮನೆ ಭದ್ರಾವತಿಯ ಓಲ್ಡ್ ಟೌನ್‌ನಲ್ಲಿ, ಕೆಲಸ ಶಿವಮೊಗ್ಗದಲ್ಲಿ, ದಿನಾ ಬೈಕಲ್ಲಿ ಓಡಾಟ. ಇಂಥ ಓದುಗರೊಬ್ಬರು ಕೇಳಿದ್ದಾರೆ: "ಕ್ಯಾಶ್‌ಬ್ಯಾಕ್ ಕಾರ್ಡ್ ತಗೊಳ್ಳಲಾ, ರಿವಾರ್ಡ್ ಪಾಯಿಂಟ್ ಕಾರ್ಡ್ ತಗೊಳ್ಳಲಾ? ಮಾಲ್‌ನಲ್ಲಿ ಟೇಬಲ್ ಹಾಕ್ಕೊಂಡು ಕೂತವರು ಎರಡೂ ಚೆನ್ನಾಗಿದೆ ಅಂತಾರೆ." ಅವರು ಇನ್ನೇನು ಹೇಳ್ತಾರೆ ಬಿಡಿ. ನಾವು ಲೆಕ್ಕ ಹಾಕೋಣ.

ಕಾರ್ಡಿನ ಜಾಹೀರಾತು ನೋಡೋ ಮೊದಲು ನಿಮ್ಮ ಫೋನ್‌ಪೇ ಅಥವಾ ಗೂಗಲ್ ಪೇ ತೆಗೆದು ಹೋದ ತಿಂಗಳ ಖರ್ಚು ನೋಡಿ. ಈ ಓದುಗರು ಕಳಿಸಿದ ಪಟ್ಟಿ ಹೀಗಿದೆ: ದಿನಸಿ 5,000, ತರಕಾರಿ-ಹೂವು-ಹಣ್ಣು 2,500, ಪೆಟ್ರೋಲ್ 2,500, ಕರೆಂಟ್ ಬಿಲ್, ರೀಚಾರ್ಜ್, ನೆಟ್ ಸೇರಿ 2,000, ಆನ್‌ಲೈನ್ ಖರೀದಿ 2,000, ಅಮ್ಮನ ಔಷಧಿ 1,500. ಒಟ್ಟು 15,500 ರೂ. ಇದರಲ್ಲಿ ಆನ್‌ಲೈನ್ ಖರೀದಿ ಎಷ್ಟು ಕಡಿಮೆ ಇದೆ ಗಮನಿಸಿ. ಬೆಂಗಳೂರಿನಲ್ಲಿ ಹಾಲಿನಿಂದ ಹಿಡಿದು ಕೊತ್ತಂಬರಿ ಸೊಪ್ಪಿನವರೆಗೆ ಆ್ಯಪಲ್ಲೇ ತರಿಸೋರಿಗೆ ಮಾಡಿದ ಕಾರ್ಡು ನಿಮಗೆ ಹೊಂದಬೇಕು ಅಂತೇನಿಲ್ಲ.

ಈಗ ಒಂದು ಮಾದರಿ ಕಾರ್ಡ್ ತಗೊಳ್ಳಿ. ಆನ್‌ಲೈನ್‌ಗೆ ಶೇ. 5, ಅಂಗಡಿಯಲ್ಲಿ ಉಜ್ಜಿದರೆ ಶೇ. 1, ಪೆಟ್ರೋಲ್‌ಗೂ ಬಿಲ್‌ಗಳಿಗೂ ಸೊನ್ನೆ. ವಾರ್ಷಿಕ ಶುಲ್ಕ 999, ಅದರ ಮೇಲೆ ಶೇ. 18 ಜಿಎಸ್‌ಟಿ ಸೇರಿ 1,179 ರೂ. ಆನ್‌ಲೈನ್‌ನಿಂದ ತಿಂಗಳಿಗೆ 100 ರೂ. ಬಂತು. ಮೆಡಿಕಲ್ ಶಾಪಲ್ಲಿ ಕಾರ್ಡ್ ಮಷಿನ್ ಇದ್ದರೆ ಇನ್ನೊಂದು 15. ದಿನಸಿ ಅಂಗಡಿಯವರ ಹತ್ತಿರ ಇರೋದು ಕ್ಯೂಆರ್ ಕೋಡ್ ಮಾತ್ರ, ಅಲ್ಲಿ ವೀಸಾ, ಮಾಸ್ಟರ್‌ಕಾರ್ಡ್ ನಡೆಯೋದಿಲ್ಲ. ವರ್ಷಕ್ಕೆ 1,380 ಬಂತು, ಶುಲ್ಕ ಕಳೆದರೆ ಉಳಿದದ್ದು 201 ರೂ. ಶೇ. 5ರ ಕಥೆ ಇಷ್ಟೇ.

ಇನ್ನೊಂದು, ಶುಲ್ಕವೇ ಇಲ್ಲದ ರುಪೇ ಕ್ರೆಡಿಟ್ ಕಾರ್ಡ್ ಅಂದುಕೊಳ್ಳಿ, ಎಲ್ಲದಕ್ಕೂ ಬರೀ ಶೇ. 1. ರುಪೇ ಕ್ರೆಡಿಟ್ ಕಾರ್ಡನ್ನು 2022ರ ಸೆಪ್ಟೆಂಬರ್‌ನಿಂದ ಯುಪಿಐಗೆ ಜೋಡಿಸಬಹುದು. ಅಂದರೆ ದಿನಸಿ ಅಂಗಡಿಯ ಕ್ಯೂಆರ್‌ನಲ್ಲೂ ಕೆಲಸ ಮಾಡುತ್ತೆ. ದಿನಸಿ, ಔಷಧಿ, ಆನ್‌ಲೈನ್ ಸೇರಿ 8,500ಕ್ಕೆ ತಿಂಗಳಿಗೆ 85, ವರ್ಷಕ್ಕೆ 1,020 ರೂ. ಕೈಗೆ ಬರುತ್ತೆ. ತರಕಾರಿಯನ್ನು ಬೇಕಂತಲೇ ಬಿಟ್ಟಿದ್ದೇನೆ. ವ್ಯಾಪಾರಿ ಖಾತೆ ಇಲ್ಲದೆ ಸ್ವಂತ ನಂಬರಿನ ಕ್ಯೂಆರ್ ಇಟ್ಟುಕೊಂಡವರಿಗೆ ಕ್ರೆಡಿಟ್ ಕಾರ್ಡಿಂದ ದುಡ್ಡು ಹೋಗೋದಿಲ್ಲ. ಸ್ನೇಹಿತರಿಗೆ ಕಳಿಸೋಕೂ ಆಗಲ್ಲ. ಕಾರ್ಡ್ ತಗೊಳ್ಳೋ ಮೊದಲು ಯುಪಿಐ ಖರ್ಚಿಗೆ ಕ್ಯಾಶ್‌ಬ್ಯಾಕ್ ಉಂಟಾ, ತಿಂಗಳಿಗೆ ಮಿತಿ ಎಷ್ಟು ಅಂತ ಬ್ಯಾಂಕಿನ ವೆಬ್‌ಸೈಟಲ್ಲೇ ಓದಿ. ಈ ಷರತ್ತುಗಳು ಆಗಾಗ ಬದಲಾಗುತ್ತವೆ.

ರಿವಾರ್ಡ್ ಪಾಯಿಂಟ್ ವಿಷಯ ಬೇಗ ಮುಗಿಸ್ತೀನಿ. "100 ರೂಪಾಯಿಗೆ 4 ಪಾಯಿಂಟ್" ಅಂದಾಗ ಕೇಳಬೇಕಾದ್ದು ಒಂದೇ ಪ್ರಶ್ನೆ: ಒಂದು ಪಾಯಿಂಟಿಗೆ ಎಷ್ಟು ಪೈಸೆ? ಅನೇಕ ಕಾರ್ಡುಗಳಲ್ಲಿ ಅದು 25 ಪೈಸೆ. ಅಲ್ಲಿಗೆ ಅದೂ ಶೇ. 1 ಆಯ್ತು. ಮೇಲೆ ಪಾಯಿಂಟಿಗೆ ಅವಧಿ ಇರುತ್ತೆ, ವೋಚರ್ ಆಗಿ ಮಾತ್ರ ಕೊಡೋರೂ ಇದ್ದಾರೆ. ತಿಂಗಳು ತಿಂಗಳು ವಿಮಾನ ಹತ್ತೋರಿಗೆ ಪಾಯಿಂಟ್ ಲಾಭ. ಸೋಗಾನೆಯಲ್ಲಿ 2023ರಿಂದ ವಿಮಾನ ನಿಲ್ದಾಣ ಇದೆ ನಿಜ, ಆದರೆ ವರ್ಷಕ್ಕೊಮ್ಮೆ ಹಾರೋದಕ್ಕೆ ಲೌಂಜ್ ಆಸೆಗೆ ಸಾವಿರಾರು ರೂಪಾಯಿ ಶುಲ್ಕ ಕಟ್ಟೋದು ದುಬಾರಿ ಕಾಫಿ. ಪೆಟ್ರೋಲ್ ಬಂಕಿನ "ಸರ್‌ಚಾರ್ಜ್ ಮನ್ನಾ" ಕೂಡ ಅಷ್ಟೇ. ಕಾರ್ಡ್ ಉಜ್ಜಿದ್ದಕ್ಕೆ ಹಾಕಿದ ಶುಲ್ಕ ವಾಪಸ್ ಬರುತ್ತೆ, ಲಾಭ ಅಂತ ಏನೂ ಬರಲ್ಲ.

ಇಷ್ಟೆಲ್ಲ ಸೇರಿ ವರ್ಷಕ್ಕೆ ಸಾವಿರ ರೂಪಾಯಿಯ ಮಾತು. ದೊಡ್ಡ ಮಾತು ಬೇರೆ ಇದೆ.

ನಮ್ಮೂರಿಗೆ ಸಾಲದ ಖರೀದಿ ಹೊಸದಲ್ಲ. ಕಾರ್ಖಾನೆ ಕಾಲದಲ್ಲಿ ತಿಂಗಳಿಡೀ ಅಂಗಡಿ ಪುಸ್ತಕದಲ್ಲಿ ಬರೆಸಿ, ಸಂಬಳದ ದಿನ ಉದ್ರಿ ತೀರಿಸೋ ಮನೆಗಳಿದ್ದವು. ಕ್ರೆಡಿಟ್ ಕಾರ್ಡ್ ಮಾಡೋದೂ ಅದನ್ನೇ. ವ್ಯತ್ಯಾಸ ಏನಂದ್ರೆ, ಸಂಬಳ ತಡವಾದರೆ ಶೆಟ್ಟರು ಗೊಣಗಿ ಸುಮ್ಮನಾಗ್ತಿದ್ದರು, ಬ್ಯಾಂಕ್ ಬಡ್ಡಿ ಹಾಕುತ್ತೆ. ತಿಂಗಳಿಗೆ ಶೇ. 3.5 ಅಂದರೆ ವರ್ಷಕ್ಕೆ ಶೇ. 42. ನಿಮ್ಮ ಬಿಲ್ 13,000 ಬಂತು, "ಮಿನಿಮಮ್ ಡ್ಯೂ" ಶೇ. 5ರಂತೆ 650 ಮಾತ್ರ ಕಟ್ಟಿದಿರಿ ಅಂತಿಟ್ಟುಕೊಳ್ಳಿ. ಉಳಿದದ್ದಕ್ಕೆ ಬಡ್ಡಿ, ಜಿಎಸ್‌ಟಿ ಸೇರಿ ಕಡಿಮೆ ಎಂದರೂ 500 ರೂ. ಆರು ತಿಂಗಳ ಕ್ಯಾಶ್‌ಬ್ಯಾಕ್ ಒಂದೇ ತಿಂಗಳಲ್ಲಿ ಹೋಯ್ತು. ಬಾಕಿ ಉಳಿದಿರುವಾಗ ಮಾಡಿದ ಹೊಸ ಖರೀದಿಗೂ ಮೊದಲ ದಿನದಿಂದಲೇ ಬಡ್ಡಿ ಶುರು. ಎಟಿಎಂನಲ್ಲಿ ಈ ಕಾರ್ಡಿಂದ ನಗದು ತೆಗೆಯೋದಂತೂ ಬೇಡವೇ ಬೇಡ.

ಸಂಬಳ ತಡವಾಗಲ್ಲ ಅಂತೀರಾ? ಎಂಪಿಎಂ ನಿಂತಿದ್ದನ್ನು ನೋಡಿದ ಊರು ಇದು. ವಿಐಎಸ್‌ಎಲ್ ಮುಚ್ಚುವ ಸುದ್ದಿ 2023ರ ಜನವರಿಯಲ್ಲಿ ಬಂದಾಗ ಗುತ್ತಿಗೆ ಕಾರ್ಮಿಕರ ಮನೆಗಳಲ್ಲಿ ನಿದ್ದೆ ಇರಲಿಲ್ಲ. ಹಾಗಾಗಿ ಒಂದು ತಿಂಗಳ ಕಾರ್ಡ್ ಬಿಲ್‌ನಷ್ಟು ದುಡ್ಡು ಉಳಿತಾಯ ಖಾತೆಯಲ್ಲಿ ಮುಟ್ಟದೆ ಇಟ್ಟು, ಆಮೇಲೆ ಅರ್ಜಿ ಹಾಕಿ. ಅಷ್ಟು ಕೂಡಿಸೋವರೆಗೆ ಡೆಬಿಟ್ ಕಾರ್ಡೇ ಸಾಕು.

ಕಾರ್ಡ್ ಬಂದ ಮೇಲೆ ಮೊದಲ ಕೆಲಸ, ಪೂರ್ತಿ ಬಿಲ್ ಮೊತ್ತಕ್ಕೆ ಆಟೋ ಡೆಬಿಟ್ ಹಾಕಿಸೋದು. ಫಾರಂನಲ್ಲಿ ಮಿನಿಮಮ್ ಡ್ಯೂಗೆ ಟಿಕ್ ಆಗಿರುತ್ತಾ ನೋಡ್ಕೊಳ್ಳಿ. ಸಂಬಳ 7ಕ್ಕೆ ಬರುತ್ತೆ, ಬಿಲ್ ಕಟ್ಟೋ ದಿನ 3 ಅಂತಿದ್ದರೆ ಬಿಲ್ಲಿಂಗ್ ದಿನ ಬದಲಿಸಲು ಕೇಳಿ. ರಿಸರ್ವ್ ಬ್ಯಾಂಕಿನ 2022ರ ನಿಯಮದ ಪ್ರಕಾರ ಒಮ್ಮೆಯಾದರೂ ಆ ಅವಕಾಶ ಕೊಡಲೇಬೇಕು. ಕಾರ್ಡ್ ಬೇಡ ಅನಿಸಿದರೆ, ಬಾಕಿ ಇಲ್ಲದಿದ್ದಲ್ಲಿ ಅರ್ಜಿ ಕೊಟ್ಟ 7 ಕೆಲಸದ ದಿನಗಳೊಳಗೆ ಮುಚ್ಚಬೇಕು. ತಡ ಮಾಡಿದರೆ ದಿನಕ್ಕೆ 500 ರೂಪಾಯಿಯಂತೆ ಅವರೇ ನಿಮಗೆ ಕೊಡಬೇಕು. ನೀವು ಕೇಳದೆ ಕಾರ್ಡ್ ಕಳಿಸೋ ಹಾಗೂ ಇಲ್ಲ.

ಪತ್ರದ ಕೊನೆಗೆ ಇನ್ನೊಂದು ಪ್ರಶ್ನೆ ಇದೆ, ಕಾಲೇಜಿಗೆ ಹೋಗೋ ತಮ್ಮನಿಗೆ ಆ್ಯಡ್-ಆನ್ ಕಾರ್ಡ್ ಕೊಡಿಸಲಾ ಅಂತ. ಅವನು ಮಾಡೋ ಖರ್ಚು ನಿಮ್ಮ ಬಿಲ್ಲಿಗೇ ಸೇರುತ್ತೆ, ತಡವಾದರೆ ನಿಮ್ಮ ಸಿಬಿಲ್ ಸ್ಕೋರ್ ಕೆಡುತ್ತೆ. ತಿಂಗಳಿಗೆ ಇಂತಿಷ್ಟು ಅಂತ ಅವನ ಖಾತೆಗೇ ಯುಪಿಐ ಮಾಡಿಬಿಡಿ.